ಸಿವಿಲ್ ವಾರ್‌ಗೆ ಹೋಗಿ ಬಂದ ಇಲಿನಾಯ್ ರೈತನ ಮನೆತನ ಹುಡುಕುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಂತೆ ಹೀಗಿದೆ: ನಿಮ್ಮ ಯಜಮಾನರ ಮುತ್ತಜ್ಜನ ಅಪ್ಪ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರೈತರಾಗಿದ್ದರು. ಸಿವಿಲ್ ವಾರ್‌ನಲ್ಲಿ (1861ರಿಂದ 1865ರವರೆಗೆ ಅಲ್ಲಿನ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಯುದ್ಧ) ಉತ್ತರದ ಪಡೆ ಸೇರಿ ಹೋರಾಡಿದರು. ಮನೆಯವರಿಗೆ ಗೊತ್ತಿರುವುದು ಅವರ ಹೆಸರು ಮತ್ತು ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಎರಡೇ, ಹೆಸರೂ ತೀರಾ ಸಾಮಾನ್ಯ. ಮಕ್ಕಳಿಗೆ ಅಪ್ಪನ ಕಡೆಯ ವಂಶವೃಕ್ಷ ಮಾಡಿಕೊಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಸೈನಿಕ ಪಿಂಚಣಿ ಕೇಳಿದಾಗ ಸರ್ಕಾರ ಇಟ್ಟುಕೊಂಡ ಪಿಂಚಣಿ ಕಡತದಿಂದ ಶುರು ಮಾಡಿ ಮೇಡಂ. ಬೇರೆ ಎಲ್ಲವೂ ಆಮೇಲೆ. ನನ್ನ ಹೆಂಡತಿಯ ತವರೂ ಇಲಿನಾಯ್. ನಮ್ಮ ಅತ್ತೆಯ ಮುತ್ತಜ್ಜ ಕೂಡ ರೈತ, ಸೈನಿಕ. ಅವರ ವಿಷಯ ನಮಗೆ ತಿಳಿದದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ದು ಆ ಒಂದು ಕಡತದಲ್ಲಿ.

ಆ ಕಾಲದಲ್ಲಿ ಸುಮ್ನೆ ಹೊಲ ಉತ್ತು ಬದುಕಿದವರ ಬಗ್ಗೆ ಹೆಚ್ಚು ಕಾಗದ ಹುಟ್ಟುತ್ತಿರಲಿಲ್ಲ. ಹತ್ತು ವರ್ಷಕ್ಕೊಮ್ಮೆ ಜನಗಣತಿ, ಒಂದೆರಡು ಜಮೀನು ಪತ್ರ, ಕೊನೆಗೆ ಸಮಾಧಿಯ ಕಲ್ಲು. ಇಲಿನಾಯ್‌ನಲ್ಲಿ ಹುಟ್ಟು ಸಾವು ಬರೆದಿಡುವ ವ್ಯವಸ್ಥೆ ಸರಿಯಾಗಿ ಶುರುವಾಗಿದ್ದೇ 1877ರ ಹೊತ್ತಿಗೆ. ಆದರೆ ಪಿಂಚಣಿ ಕೇಳಿದ ಸೈನಿಕ ತಾನು ಯಾರು, ಮೈಗೆ ಏನಾಗಿದೆ, ಹೇಗೆ ಬದುಕುತ್ತಿದ್ದೇನೆ ಅಂತ ಮತ್ತೆ ಮತ್ತೆ ರುಜುವಾತು ಮಾಡಬೇಕಿತ್ತು. ಅವನು ಸತ್ತರೆ ಹೆಂಡತಿಗೂ ಅದೇ ಪಾಡು. 1862ರ ಕಾನೂನಿನಲ್ಲಿ ಸೇವೆಯಲ್ಲಿ ಗಾಯಗೊಂಡವರಿಗೆ, ಕಾಯಿಲೆ ಬಿದ್ದವರಿಗೆ, ಸತ್ತವರ ಹೆಂಡತಿ ಮಕ್ಕಳಿಗೆ, ಅವರನ್ನೇ ನಂಬಿದ್ದ ತಾಯಿ ತಂಗಿಯರಿಗೆ ಮಾತ್ರ ಪಿಂಚಣಿ ಇತ್ತು. 1890ರಲ್ಲಿ ನಿಯಮ ಸಡಿಲವಾಯಿತು. 90 ದಿನ ಸೇವೆ ಮಾಡಿ, ಯುದ್ಧಕ್ಕೆ ಸಂಬಂಧವಿಲ್ಲದ ಕಾಯಿಲೆಯಿಂದ ದುಡಿಯಲಾಗದಿದ್ದರೂ ಸಾಕು. 1907ರ ಕಾನೂನು 62 ವರ್ಷ ದಾಟಿದವರಿಗೆ ವಯಸ್ಸಿನ ಮೇಲೆಯೇ ಕೊಟ್ಟಿತು. ಹಾಗಾಗಿ ನಿಮ್ಮವರು ಮುಪ್ಪಿನವರೆಗೂ ಬದುಕಿದ್ದರೆ ಕಡತ ಇರುವ ಸಾಧ್ಯತೆ ಜಾಸ್ತಿ.

ಅದನ್ನು ತರಿಸುವ ಮೊದಲು ಅದೇ ಹೆಸರಿನವರಲ್ಲಿ ನಿಮ್ಮವರು ಯಾರು ಅಂತ ಗೊತ್ತಾಗಬೇಕಲ್ವಾ? ಇದರಲ್ಲಿ ಇಲಿನಾಯ್‌ನವರು ಪುಣ್ಯವಂತರು. ಅಲ್ಲಿನ ರಾಜ್ಯ ಪತ್ರಾಗಾರದ ವೆಬ್‌ಸೈಟಿನಲ್ಲಿ ಸಿವಿಲ್ ವಾರ್ ಸೈನಿಕರ ಹಾಜರಿ ಪಟ್ಟಿಗಳನ್ನು ಉಚಿತವಾಗಿ ನೋಡಬಹುದು. ಹೆಸರು, ಕಂಪನಿ (ಸೈನ್ಯದ ಸಣ್ಣ ತುಕಡಿ), ರೆಜಿಮೆಂಟ್ (ಹಲವು ಕಂಪನಿಗಳು ಸೇರಿದ ದೊಡ್ಡ ತುಕಡಿ) ಅಷ್ಟೇ ಅಲ್ಲ, ಎಷ್ಟೋ ಜನರ ಎತ್ತರ, ಕೂದಲು ಮತ್ತು ಕಣ್ಣಿನ ಬಣ್ಣ, ಕಸುಬು, ಮದುವೆ ಆಗಿದೆಯೇ, ಹುಟ್ಟಿದ್ದೆಲ್ಲಿ, ಸೇರುವಾಗ ಇದ್ದ ಊರು ಯಾವುದು ಎಲ್ಲ ಇದೆ. ಆ ಊರು ನಿಮ್ಮ ಕೌಂಟಿಯೊಳಗೆ ಬರುತ್ತದೆಯೇ ನೋಡಿ. ಒಂದು ಕಂಪನಿಯೆಂದರೆ ಸಾಮಾನ್ಯವಾಗಿ ಒಂದೇ ಸುತ್ತಮುತ್ತಲಿನ ಹಳ್ಳಿಗಳ ಹುಡುಗರು. ಹಾಗಾಗಿ ಇಡೀ ಕಂಪನಿಯ ಪಟ್ಟಿ ಓದಿ. ಅಣ್ಣ ತಮ್ಮ, ಭಾವಮೈದ, ಪಕ್ಕದ ಹೊಲದವನು ಎಲ್ಲರೂ ಅಲ್ಲೇ ಸಿಗುತ್ತಾರೆ.

ಕಂಪನಿ, ರೆಜಿಮೆಂಟ್ ಸಿಕ್ಕಿದ ಮೇಲೆ ವಂಶ ಹುಡುಕುವವರ ವೆಬ್‌ಸೈಟಾದ ಫ್ಯಾಮಿಲಿಸರ್ಚ್‌ನಲ್ಲಿ ಪಿಂಚಣಿ ಸೂಚಿಯ ಕಾರ್ಡ್ ಹುಡುಕಿ. ಖಾತೆ ತೆರೆಯಲು ದುಡ್ಡು ಕೊಡಬೇಕಿಲ್ಲ. ಆ ಪುಟ್ಟ ಕಾರ್ಡಿನಲ್ಲಿ ಅರ್ಜಿಯ ನಂಬರು, ಅರ್ಜಿ ಹಾಕಿದ ದಿನ, ವಿಧವೆ ಅರ್ಜಿ ಹಾಕಿದ್ದರೆ ಅವರ ಹೆಸರು, ಯಾವ ರಾಜ್ಯದಿಂದ ಹಾಕಿದ್ದು ಅಂತ ಇರುತ್ತದೆ. ರಾಜ್ಯದ ಹೆಸರನ್ನು ಮರೆಯದೆ ನೋಡಿ. ಅಲ್ಲಿ ಕ್ಯಾನ್ಸಸ್ ಅಥವಾ ನೆಬ್ರಾಸ್ಕ ಅಂತ ಇದ್ದರೆ ಸಂಸಾರ ಪಶ್ಚಿಮಕ್ಕೆ ಹೊರಟಿತ್ತು ಅಂತ ಅರ್ಥ. ನಂಬರು ಹಿಡಿದುಕೊಂಡು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ಗೆ (ಇಡೀ ದೇಶದ ಪತ್ರಾಗಾರ) ಬರೆದರೆ ಕಡತದ ಪ್ರತಿ ಕಳಿಸುತ್ತಾರೆ. ಶುಲ್ಕ ಸ್ವಲ್ಪ ಜಾಸ್ತಿಯೇ. ಆ ಕಡೆ ಹೋಗುವವರಿದ್ದರೆ ಓದುಗರ ಕಾರ್ಡ್ ಮಾಡಿಸಿಕೊಂಡು ತಾವೇ ಫೋಟೋ ತೆಗೆದುಕೊಳ್ಳಬಹುದು, ಅದು ಉಚಿತ. ಪೂರ್ತಿ ಕಡತವನ್ನೇ ಕೇಳಿ. ಆಯ್ದ ಕೆಲವು ಹಾಳೆಗಳನ್ನು ತರಿಸಿದರೆ ನೆರೆಯವರ ಹೇಳಿಕೆಗಳೇ ಬಿಟ್ಟುಹೋಗಬಹುದು.

ನನಗೆ ಆ ಹೇಳಿಕೆಗಳೇ ಎಲ್ಲಕ್ಕಿಂತ ಇಷ್ಟ. ನಮ್ಮ ಕಡೆ ಹೆಳವರು ಬಂದು ಮನೆತನದ ತಲೆಮಾರುಗಳನ್ನು ಹೇಳಿ ಹೋಗುತ್ತಾರಲ್ಲ, ಇಲ್ಲಿ ಆ ಕೆಲಸ ಮಾಡಿದವರು ಅಕ್ಕಪಕ್ಕದ ರೈತರು. ಪಿಂಚಣಿ ಕಚೇರಿ ಕೇಳುತ್ತಿದ್ದದ್ದು ಒಂದೇ ಮಾತು: ಈ ಮನುಷ್ಯ ಮೈ ಬಗ್ಗಿಸಿ ಎಷ್ಟು ಕೆಲಸ ಮಾಡಬಲ್ಲ? ನಮ್ಮ ಅತ್ತೆಯ ಮುತ್ತಜ್ಜನಿಗೆ ದಂಡಿನಲ್ಲಿ ಹಿಡಿದ ಹೊಟ್ಟೆಯ ಕಾಯಿಲೆ ಕೊನೆಯವರೆಗೂ ಬಿಡಲಿಲ್ಲ. ಕಡತದಲ್ಲಿ ನೆರೆಯವನೊಬ್ಬನ ಹೇಳಿಕೆ ಇದೆ. ಯುದ್ಧಕ್ಕೆ ಮೊದಲು ಇಬ್ಬರೂ ಜೊತೆಯಲ್ಲಿ ಹುಲ್ಲು ಕೊಯ್ಯುತ್ತಿದ್ದರಂತೆ. ವಾಪಸ್ ಬಂದ ಮೇಲೆ ಇವರು ಮಧ್ಯಾಹ್ನದ ಹೊತ್ತಿಗೇ ಬೇಲಿಗೆ ಒರಗಿ ಕೂತುಬಿಡುತ್ತಿದ್ದರಂತೆ, ಒಂದು ಆಳಿನ ಅರ್ಧದಷ್ಟು ಕೆಲಸವೂ ಆಗುತ್ತಿರಲಿಲ್ಲವಂತೆ. ಬರೆದುಕೊಂಡದ್ದು ಗುಮಾಸ್ತ. ಹೇಳಿದವನಿಗೆ ಬರಹ ಬಾರದು, ಹೆಸರಿನ ನಡುವೆ ಒಂದು ಅಡ್ಡಗೀಟಿನ ಗುರುತು ಹಾಕಿದ್ದಾನೆ. ಕೊನೆಯ ಸಾಲಿನಲ್ಲಿ, ಅರ್ಜಿದಾರನ ಹೆಂಡತಿ ನನ್ನ ತಂಗಿ ಅಂತ ಬರೆಸಿದ್ದಾನೆ. ಮುತ್ತಜ್ಜಿಯ ತವರಿನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಒಂದು ಸಾಲಿನಿಂದ ಅವರ ಇಡೀ ತವರುಮನೆ ನಮಗೆ ಸಿಕ್ಕಿತು.

1898ರಲ್ಲಿ ಪಿಂಚಣಿದಾರರಿಗೆ ಒಂದು ಪ್ರಶ್ನೆಪತ್ರ ಕಳಿಸಿದ್ದರು. ಹೆಂಡತಿಯ ತವರಿನ ಹೆಸರೇನು, ಮದುವೆ ಯಾವಾಗ, ಎಲ್ಲಿ, ಮಾಡಿಸಿದವರು ಯಾರು, ಬದುಕಿರುವ ಮಕ್ಕಳ ಹೆಸರು ಮತ್ತು ಹುಟ್ಟಿದ ದಿನ. ನಿಮ್ಮ ಕಡತದಲ್ಲಿ ಅದಿದ್ದರೆ ಒಂದು ತಲೆಮಾರು ಪೂರ್ತಿ ಸಿಕ್ಕಿದಂತೆ. ವಿಧವೆಯ ಕಾಗದಗಳನ್ನೂ ಬಿಡಬೇಡಿ. ಸಾಮಾನ್ಯ ಸಿಪಾಯಿಯ ಹೆಂಡತಿಗೆ ಮೊದಲು ತಿಂಗಳಿಗೆ 8 ಡಾಲರ್ ಇತ್ತು. 1866ರಿಂದ 16 ವರ್ಷದೊಳಗಿನ ಪ್ರತಿ ಮಗುವಿಗೆ ಇನ್ನೂ 2 ಡಾಲರ್. ಆ 2 ಡಾಲರ್‌ಗೆ ಮಗು ಹುಟ್ಟಿದ ದಿನ ರುಜುವಾತು ಮಾಡಬೇಕಿತ್ತು. ಕೆಲವು ತಾಯಂದಿರು ಮನೆಯ ಬೈಬಲ್‌ನಲ್ಲಿ ಹುಟ್ಟಿದ ದಿನ ಬರೆದಿಟ್ಟ ಹಾಳೆಯನ್ನೇ ಹರಿದು ಕಳಿಸಿದ್ದಾರೆ. ಅವು ಇವತ್ತಿಗೂ ಕಡತಗಳಲ್ಲಿ ಇವೆ.

ಕಡತದಿಂದ ತಿಳಿದದ್ದನ್ನು ಜನಗಣತಿಯ ಜೊತೆ ತಾಳೆ ನೋಡಿ. 1850ರಿಂದ ಮನೆಯ ಎಲ್ಲರ ಹೆಸರು ಇದೆ. (ಗುಲಾಮರಾಗಿದ್ದವರ ಹೆಸರನ್ನು ಆಗಲೂ ಬರೆಯಲಿಲ್ಲ.) 1880ರಲ್ಲಿ ಪ್ರತಿಯೊಬ್ಬರ ಅಪ್ಪ ಅಮ್ಮ ಹುಟ್ಟಿದ ರಾಜ್ಯ ಅಥವಾ ದೇಶ ಕೇಳಿದ್ದಾರೆ, ಹಿಂದಿನ ತಲೆಮಾರಿಗೆ ದಾರಿ ಅದೇ. 1890ರದ್ದನ್ನು ಹುಡುಕಬೇಡಿ, 1921ರ ಬೆಂಕಿಯ ನಂತರ ಅದರಲ್ಲಿ ಹೆಚ್ಚೇನೂ ಉಳಿಯಲಿಲ್ಲ. 1910ರಲ್ಲಿ ಸಿವಿಲ್ ವಾರ್ ಸೈನಿಕರಿಗೆಂದೇ ಒಂದು ಕಾಲಂ ಇದೆ.

1850ರಿಂದ 1880ರವರೆಗೆ ಕೃಷಿಯ ಗಣತಿಯನ್ನು ಬೇರೆಯಾಗಿ ಮಾಡಿದ್ದಾರೆ. ಬಹಳ ಜನ ಇದನ್ನು ತೆಗೆದೇ ನೋಡುವುದಿಲ್ಲ. ಎಷ್ಟು ಎಕರೆ ಸಾಗುವಳಿ, ಎಷ್ಟು ಕುದುರೆ, ಕರೆಯುವ ಹಸು, ಹಂದಿ, ಎಷ್ಟು ಬುಶೆಲ್ (ಧಾನ್ಯದ ಅಳತೆ) ಮೆಕ್ಕೆಜೋಳ, ಎಷ್ಟು ಪೌಂಡ್ ಬೆಣ್ಣೆ ಎಲ್ಲ ಬರೆದಿದ್ದಾರೆ. 1860ರ ಸಾಲನ್ನೂ 1870ರ ಸಾಲನ್ನೂ ಪಕ್ಕಪಕ್ಕ ಇಟ್ಟು ಓದಿ. ಯುದ್ಧಕ್ಕೆ ಮೊದಲಿನ ಮನೆ ಮತ್ತು ನಂತರದ ಮನೆ ಎರಡೂ ಕಾಣುತ್ತವೆ.

ಜಮೀನಿನ ವಿಷಯದಲ್ಲಿ ಒಂದು ಗೊಂದಲ ಬೇಡ. ಸೈನ್ಯದಲ್ಲಿ ಇದ್ದದ್ದಕ್ಕೆ ಸರ್ಕಾರ ಜಮೀನು ಕೊಟ್ಟಿತು ಅನ್ನುವ ಕಥೆ ಎಷ್ಟೋ ಮನೆಗಳಲ್ಲಿ ಇದೆ. ಹಳೆಯ ಯುದ್ಧಗಳಿಗೆ ಹಾಗೆ ಕೊಟ್ಟದ್ದು ನಿಜ. ಇಲಿನಾಯ್‌ನ ಪಶ್ಚಿಮ ಭಾಗದಲ್ಲಿ 1812ರ ಯುದ್ಧದವರಿಗೆಂದು 160 ಎಕರೆಗಳ ತುಂಡುಗಳನ್ನು ಇಟ್ಟಿದ್ದರು. ಸಿವಿಲ್ ವಾರ್‌ನವರಿಗೆ ಹಾಗೆ ಕೊಡಲಿಲ್ಲ. ಹೋಮ್‌ಸ್ಟೆಡ್ ಜಮೀನಿಗೆ (ವಾಸ ಮಾಡಿ ಸಾಗುವಳಿ ಮಾಡಿದವರಿಗೆ ಸರ್ಕಾರ ಕೊಡುತ್ತಿದ್ದ ಜಮೀನು) ಐದು ವರ್ಷ ಅಲ್ಲೇ ವಾಸ ಇರಬೇಕು ಅನ್ನುವ ನಿಯಮ ಇತ್ತು. ಸೈನ್ಯದಲ್ಲಿ ಇದ್ದಷ್ಟು ಕಾಲವನ್ನು ಆ ಐದು ವರ್ಷದ ಲೆಕ್ಕಕ್ಕೆ ಸೇರಿಸಿಕೊಳ್ಳಲು 1872ರಲ್ಲಿ ಬಿಟ್ಟರು, ಅಷ್ಟೇ. ನಿಮ್ಮವರ ಕಾರ್ಡಿನಲ್ಲಿ ಕ್ಯಾನ್ಸಸ್ ಅಂತ ಇದ್ದರೆ ಅವರ ಹೋಮ್‌ಸ್ಟೆಡ್ ಕಡತವನ್ನೂ ಕೇಳಿ.

1850ಕ್ಕಿಂತ ಹಿಂದಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಸಿಗುತ್ತದೆ. ಅಲ್ಲಿಂದ ಹಿಂದಕ್ಕೆ ಕೌಂಟಿ ಕೋರ್ಟಿನ ಉಯಿಲು ಮತ್ತು ಆಸ್ತಿ ಹಂಚಿಕೆಯ ಕಾಗದಗಳೇ ಆಧಾರ. ಸೈನಿಕನ ಅಪ್ಪ ತೀರಿಕೊಂಡಾಗ ಪಾಲಿಗೆ ಬಂದವರ ಹೆಸರೆಲ್ಲ ಅಲ್ಲಿ ಇರುತ್ತದೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದೂ. 1880ರ ಹೊತ್ತಿನ ಕೌಂಟಿ ಚರಿತ್ರೆಯ ದಪ್ಪ ಪುಸ್ತಕಗಳನ್ನೂ ನೋಡಿ. ಅವುಗಳಲ್ಲಿ ಬರುವ ಜೀವನಚರಿತ್ರೆಗಳು ಹೆಚ್ಚಾಗಿ ಮನೆಯವರೇ ಹೇಳಿ ಬರೆಸಿದ್ದು, ಹೊಗಳಿಕೆ ಜಾಸ್ತಿ. ಊರು ಮತ್ತು ನೆಂಟಸ್ತಿಕೆಯ ಸುಳಿವಿಗೆ ಸಾಕು. ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುವ ವಂಶವೃಕ್ಷಗಳನ್ನು ಮಾತ್ರ ಹಾಗೇ ಎತ್ತಿಕೊಳ್ಳಬೇಡಿ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಇಳಿಸಿಕೊಂಡಿರುತ್ತಾರೆ. ಅದೇ ಹೆಸರಿನ ಬೇರೆ ಯಾರದ್ದೋ ಅಪ್ಪ ನಿಮ್ಮ ಮಕ್ಕಳ ವಂಶದಲ್ಲಿ ಬಂದು ಕೂತುಬಿಡಬಹುದು.

ಮೊದಲು ಇಲಿನಾಯ್ ಪಟ್ಟಿಯಲ್ಲಿ ಕಂಪನಿ, ರೆಜಿಮೆಂಟ್ ಹುಡುಕಿ. ಸಿಕ್ಕಿದ ಮೇಲೆ ಇದರ ಕೆಳಗೇ ಬರೆಯಿರಿ. ಆ ಕಾರ್ಡುಗಳ ಕೈಬರಹ ಓದುವುದು ಶುರುವಿನಲ್ಲಿ ಕಷ್ಟ, ನಾನೂ ಜೊತೆಗೆ ಕೂತು ಓದುತ್ತೇನೆ.