ಹೂತ ವಿಷವನ್ನು ಅಗೆದು ತೆಗೆಯಬೇಕೇ?

ಪ್ರಶ್ನೆ: ಅಮೆರಿಕದ ಲವ್ ಕೆನಾಲ್‌ನಲ್ಲಿ ಹೂತ ರಾಸಾಯನಿಕ ತ್ಯಾಜ್ಯ ಇಂದಿಗೂ ಅಲ್ಲೇ ಇದೆಯೆಂದು ಓದಿದೆ. ಹಾಗಿದ್ದರೆ ಅದನ್ನು ಶುದ್ಧೀಕರಣವೆಂದು ಕರೆಯಬಹುದೇ?

ಉತ್ತರ: ನಯಾಗರ ನದಿಯ ಸಮೀಪ ಅರ್ಧಕ್ಕೇ ನಿಂತುಹೋಗಿದ್ದ ಆ ಕಾಲುವೆಯಲ್ಲಿ ಹೂಕರ್ ಕೆಮಿಕಲ್ ಕಂಪನಿಯು 1942ರಿಂದ 1953ರವರೆಗೆ ಸುಮಾರು 21,000 ಟನ್ ತ್ಯಾಜ್ಯ ಸುರಿದು, ಮಣ್ಣು ಮುಚ್ಚಿ, ಜಾಗವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಬಿಟ್ಟುಕೊಟ್ಟಿತು. ಅಲ್ಲಿ ಶಾಲೆಯೇ ಎದ್ದಿತೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ಕಲಕುತ್ತದೆ. 1970ರ ದಶಕದಲ್ಲಿ ಮಳೆ ಮತ್ತು ಹಿಮದ ನೀರು ಕಾಲುವೆಯಲ್ಲಿ ತುಂಬಿಕೊಂಡು, ಅಕ್ಕಪಕ್ಕದ ಮನೆಗಳ ನೆಲಮಾಳಿಗೆಯ ಗೋಡೆಗಳಿಂದ ಎಣ್ಣೆಯಂಥ ಕಪ್ಪು ದ್ರವ ಒಸರತೊಡಗಿತು. 1978ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು.

ಇಂಥಲ್ಲಿ ಮಣ್ಣನ್ನಷ್ಟೇ ಪರೀಕ್ಷಿಸಿದರೆ ಸಾಲದು. ಅಂತರ್ಜಲ, ನೆಲಮಾಳಿಗೆಯ ಗಾಳಿ, ಮಳೆನೀರಿನ ಚರಂಡಿಗಳನ್ನೂ ನೋಡಬೇಕು. ಆ ಚರಂಡಿಗಳ ಮೂಲಕವೇ ಡಯಾಕ್ಸಿನ್ ಎಂಬ ತೀವ್ರ ವಿಷಕಾರಿ ರಾಸಾಯನಿಕ ಹತ್ತಿರದ ತೊರೆಗಳ ಹೂಳಿಗೆ ಸೇರಿತ್ತು, ಆ ಹೂಳನ್ನು ಮುಂದೆ ತೆಗೆಯಬೇಕಾಯಿತು. ಆದರೆ ಕಾಲುವೆಯ ತ್ಯಾಜ್ಯವನ್ನು ಅಗೆಯದೆ, ಮೇಲೆ ಜೇಡಿಮಣ್ಣಿನ ಹೊದಿಕೆ ಹಾಸಿ, ಸುತ್ತಲೂ ಕೊಳವೆಗಳನ್ನು ಹೂಳಿ, ಒಸರುವ ದ್ರವವನ್ನು ಅಲ್ಲೇ ಇಂಗಾಲದ ಶೋಧಕಗಳಲ್ಲಿ ಶುದ್ಧೀಕರಿಸಲಾಗುತ್ತಿದೆ. ಅಗೆದರೆ ವಿಷ ಗಾಳಿಗೂ ರಸ್ತೆಗೂ ಹರಡುವ ಅಪಾಯವಿರುವುದರಿಂದ ಈ ಕ್ರಮ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಇದು ಮುಗಿಯುವ ಕೆಲಸವಲ್ಲ: 2004ರಲ್ಲಿ ಆ ಜಾಗವನ್ನು ಸೂಪರ್‌ಫಂಡ್ ಪಟ್ಟಿಯಿಂದ (ಶುದ್ಧೀಕರಿಸಬೇಕಾದ ಅಪಾಯಕಾರಿ ತಾಣಗಳ ಅಮೆರಿಕ ಸರ್ಕಾರದ ಪಟ್ಟಿ) ಕೈಬಿಟ್ಟ ಮೇಲೂ ನೀರೆತ್ತುವುದಾಗಲಿ, ಬಾವಿಗಳ ತಪಾಸಣೆಯಾಗಲಿ ನಿಂತಿಲ್ಲ.