ಕೇಳಿ, ಹೇಳ್ತೀವಿ: ಐಸು ಜಾಗ ಬಿಟ್ಟುಕೊಟ್ಟ ಕೊಲ್ಲಿ

ಪ್ರಶ್ನೆ: ಸಾರ್, ಜೂನ್‌ನಲ್ಲಿ ಸಿಯಾಟಲ್‌ಗೆ ಮಗಳ ಮನೆಗೆ ಹೋಗಿದ್ವಿ, ಅಲ್ಲಿಂದ ಕ್ರೂಸ್‌ನಲ್ಲಿ ಅಲಾಸ್ಕಾದ ಗ್ಲೇಸಿಯರ್ ಬೇ ಅನ್ನೋ ಕೊಲ್ಲಿ ನೋಡ್ಕೊಂಡು ಬಂದ್ವಿ. ಹಡಗಿಗೆ ಬಂದಿದ್ದ ರೇಂಜರಮ್ಮ ಮೈಕಲ್ಲಿ "250 ವರ್ಷದ ಹಿಂದೆ ಇದೆಲ್ಲಾ ಐಸು" ಅಂದ್ರು. ನಮ್ಮೆಜಮಾನ್ರು ಇದು ಟೂರಿಸ್ಟ್‌ಗಳಿಗೆ ಬಿಡೋ ಕಥೆ ಅಂತಾರೆ. ನಿಜಾನಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಯಜಮಾನ್ರು ಸೋತ್ರು ಅಮ್ಮ. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್ ತಂಡದ ಜೋಸೆಫ್ ವಿಡ್ಬಿ ಅಲ್ಲಿಗೆ ಬಂದಾಗ ಕೊಲ್ಲಿನೇ ಇರ್ಲಿಲ್ಲ, ತೀರದಲ್ಲಿ ಎಂಟು ಕಿಲೋಮೀಟರಿನಷ್ಟು ಒಳಗೆ ಹೋದ ಒಂದು ಕಚ್ಚು, ಅದರಾಚೆ ಐಸಿನ ಗೋಡೆ, ಅಷ್ಟೇ. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಬರೋ ಹೊತ್ತಿಗೆ ಆ ಗೋಡೆ 60 ಕಿಲೋಮೀಟರಿಗೂ ಜಾಸ್ತಿ ಹಿಂದೆ ಹೋಗಿತ್ತು, 1916ಕ್ಕೆ ಸುಮಾರು 100.

ಇದನ್ನೇ ಹಿಡ್ಕೊಂಡು "ನೋಡಿ, ಕಾರು, ಫ್ಯಾಕ್ಟರಿ ಎಲ್ಲಾ ಬರೋ ಮುಂಚೆನೇ ಕರಗಿದೆ, ಹಾಗಾಗಿ ಹವಾಮಾನ ಬದಲಾವಣೆ ಸುಳ್ಳು" ಅನ್ನೋರಿದ್ದಾರೆ, ಅದು ಅರ್ಧಂಬರ್ಧ ಲೆಕ್ಕ. ಸಮುದ್ರಕ್ಕೆ ಇಳಿದ ಗ್ಲೇಸಿಯರ್, ಅಂದ್ರೆ ನಿಧಾನಕ್ಕೆ ಹರಿಯೋ ಐಸಿನ ನದಿ, ತಾನೇ ತಳ್ಕೊಂಡು ಬಂದ ಕಲ್ಲುಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿರುತ್ತೆ, ಒಮ್ಮೆ ಆ ದಿಬ್ಬ ಬಿಟ್ಟು ಹಿಂದೆ ಆಳದ ನೀರಿಗೆ ಸರೀತೋ ಆಮೇಲೆ ಹಿಡಿಯೋರಿಲ್ಲ, ಮುಂದಿನ ತುದಿ ಮುರ್ದು ಮುರ್ದು ಬೀಳ್ತಾನೇ ಹೋಗುತ್ತೆ. ಈಗಿನ ಬಿಸಿ ಅದರ ಮೇಲೆ ಬೇರೆ. ಇನ್ನೊಂದು ಮಾತು, ಆ ಐಸು ಮೊದಲು ಮುಂದಕ್ಕೆ ಬಂದಾಗ ಅಲ್ಲಿ ಊರು ಕಟ್ಕೊಂಡಿದ್ದ ಹೂನಾ ಟ್ಲಿಂಗಿಟ್ ಅನ್ನೋ ಮೂಲನಿವಾಸಿ ಜನ ಮನೆಮಠ ಬಿಟ್ಟು ಓಡಬೇಕಾಯ್ತು. 2016ರಲ್ಲಿ ಅವರ ಕುಲದ ಮನೆ ಮತ್ತೆ ಅಲ್ಲೇ, ಬಾರ್ಟ್‌ಲೆಟ್ ಕೋವ್‌ನಲ್ಲಿ ಎದ್ದಿದೆ.

ಯಜಮಾನ್ರಿಗೆ ಸಾಕ್ಷಿ ಬೇಕಂದ್ರೆ ಫೋಟೋ ತೆಗೆದು ತೋರಿಸಿ. ಕೊಲ್ಲಿ ಬಾಯಲ್ಲಿ ಸೂಜಿ ಎಲೆಯ ಸ್ಪ್ರೂಸ್ ಮರದ ದಟ್ಟ ಕಾಡು, ಒಳಗೆ ಹೋಗ್ತಾ ಬರೀ ಆಲ್ಡರ್ ಪೊದೆ, ಇನ್ನೂ ಒಳಗೆ ನೆಲಕ್ಕಂಟಿದ ಗಿಡ, ಐಸಿನ ಹತ್ರ ಬೋಳು ಬಂಡೆ. ಐಸು ಮೊದಲು ಬಿಟ್ಟ ಜಾಗದಲ್ಲಿ ಕಾಡಿಗೆ ವಯಸ್ಸಾಗಿದೆ, ಮೊನ್ನೆ ಬಿಟ್ಟಲ್ಲಿ ಇನ್ನೂ ಮಣ್ಣೇ ಆಗಿಲ್ಲ. ಆಲ್ಡರ್ ನಮ್ಮ ಹುರುಳಿ ಅವರೆ ತರ ಬೇರಲ್ಲಿ ಸಾರಜನಕ ಹಿಡಿದು ನೆಲ ಹದ ಮಾಡುತ್ತೆ, ಆಮೇಲೆ ಸ್ಪ್ರೂಸ್ ಬರುತ್ತೆ.

ಪ್ರಶ್ನೆ: ಐಸು ನೀಲಿ, ನೀರು ಮಾತ್ರ ಮಜ್ಜಿಗೆ ತರ, ಯಾಕೆ? ಆ ತೇಲೋ ಗಡ್ಡೆ ಮೇಲೆ ಸೀಲ್‌ಗಳು ಮರಿ ಇಟ್ಕೊಂಡು ಮಲಗಿದ್ವು, ಪಾಪ ಚಳಿ ಆಗಲ್ವಾ?

ಉತ್ತರ: ಗ್ಲೇಸಿಯರ್ ಅಂದ್ರೆ ಒಂದು ದೊಡ್ಡ ಬೀಸೋ ಕಲ್ಲು. ಅಡಿಯಲ್ಲಿ ಸಿಕ್ಕ ಬಂಡೆನ ತೇಯ್ದು ತೇಯ್ದು ಹಿಟ್ಟು ಮಾಡುತ್ತೆ, ಆ ಹಿಟ್ಟು ಬೇಗ ತಳ ಸೇರದೆ ನೀರಲ್ಲೇ ತೇಲ್ತಾ ಇರುತ್ತೆ, ನೀವು ಕಂಡ ಮಜ್ಜಿಗೆ ಅದೇ. ನೀಲಿಗೆ ಕಾರಣ ಒತ್ತಡ, ಗಾಳಿಗುಳ್ಳೆ ಹಿಂಡಿ ಗಟ್ಟಿಯಾದ ಐಸು ಕೆಂಪು ಬೆಳಕನ್ನ ಹೀರ್ಕೊಂಡು ನೀಲಿ ಬಿಡುತ್ತೆ. ಉಳಿದ ಗುಳ್ಳೆಗಳು ಕರಗುವಾಗ ಸಾಸಿವೆ ಸಿಡಿದಂಗೆ ಚಿಟಪಟ ಅನ್ನುತ್ತೆ, ಒಂದು ಚೂರು ಕಿವಿ ಹತ್ರ ಹಿಡಿದಿದ್ರೆ ಗೊತ್ತಾಗಿರೋದು. ಸೀಲ್ ವಿಷಯಕ್ಕೆ ಬಂದ್ರೆ, ಚರ್ಮದಡಿ ದಪ್ಪ ಕೊಬ್ಬಿದೆ, ಚಳಿ ಚಿಂತೆ ಇಲ್ಲ, ಅದಕ್ಕಿರೋ ಭಯ ಓರ್ಕಾ ತಿಮಿಂಗಿಲದ್ದು. ಒತ್ತೊತ್ತಾಗಿ ತೇಲೋ ಗಡ್ಡೆಗಳ ನಡುವೆ ಓರ್ಕಾಗೆ ಬೇಟೆ ಕಷ್ಟ, ಜೊತೆಗೆ ನೀರೊಳಗೆ ಆ ಚಿಟಪಟ ಗಲಾಟೆಲಿ ಸೀಲ್ ಸದ್ದು ಅದಕ್ಕೆ ಕೇಳಿಸಲ್ಲ ಅಂತ ಕೆಲವು ವಿಜ್ಞಾನಿಗಳ ಊಹೆ. ಅದಕ್ಕೇ ಮರಿ ಹಾಕೋ ಕಾಲದಲ್ಲಿ ಕೊಲ್ಲಿಯ ಜಾನ್ಸ್ ಹಾಪ್ಕಿನ್ಸ್ ಅನ್ನೋ ಕವಲಿಗೆ ಕ್ರೂಸ್ ಹಡಗು ಬಿಡಲ್ಲ.

ಪ್ರಶ್ನೆ: ಅಲ್ಲಿ ಭೂಮಿ ಮೇಲಕ್ಕೆ ಏಳ್ತಿದೆ ಅಂತನೂ ಅಂದ್ರು, ಇದಂತೂ ನಂಬಕ್ಕಾಗ್ಲಿಲ್ಲ.

ಉತ್ತರ: ನಂಬಿ. ಹಾಸಿಗೆ ಮೇಲಿಂದ ಎದ್ಮೇಲೆ ಹತ್ತಿ ನಿಧಾನಕ್ಕೆ ಉಬ್ಬುತ್ತಲ್ಲ, ಹಾಗೆ. ಐಸಿನ ಭಾರ ಇಳಿದು ವರ್ಷಕ್ಕೆ ಸುಮಾರು ಒಂದಿಂಚು ನೆಲ ಏಳ್ತಿದೆ. ಪಕ್ಕದ ಗಸ್ಟಾವಸ್ ಊರಲ್ಲಿ ಹಳೇ ಸಮುದ್ರದಂಡೆ ಈಗ ಹುಲ್ಲುಗಾವಲು, ಹಾಗೆ ಎದ್ದು ಬಂದ ಜಾಗದಲ್ಲಿ ಒಬ್ಬರು ಗಾಲ್ಫ್ ಕೋರ್ಸೇ ಮಾಡಿಬಿಟ್ಟಿದ್ದಾರೆ.