14 ಗುರುಗಳು, ಒಂದು ಬೀಗದ ಕೈ

ಪ್ರಿಯ ಗೆಳೆಯರೆ,

ನಿಮ್ಮ ಹಸ್ತಪ್ರತಿ ಕೈಗೆ ಬಂದು ಎರಡು ತಿಂಗಳಾಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಒಂದು ಸಲ ಓದಿದ ಮೇಲೆ ಇನ್ನೊಂದು ಸಲ ಓದಬೇಕು ಅನ್ನಿಸಿತು. ಎರಡನೇ ಸಲ ಓದಿದ್ದು ಮಡಿಕೇರಿಯ ಈ ಮಳೆಯಲ್ಲಿ, ಮೂರು ದಿನ ಕರೆಂಟಿಲ್ಲದೆ ಮೇಣದಬತ್ತಿ ಹಚ್ಚಿಕೊಂಡು. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಪ್ರಕಟಿಸಲು ನಮಗೆ ಆಗುವುದಿಲ್ಲ. ಆದರೆ ಇದರೊಳಗೆ ಒಂದು ನಿಜವಾದ ಕಾದಂಬರಿ ಕೂತಿದೆ. ಅದು ಎಲ್ಲಿದೆ ಅಂತ ನಿಮಗೇ ಇನ್ನೂ ಗೊತ್ತಾದ ಹಾಗಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಕಟ್ಟಿದ್ದು ಬೆಟ್ಟ, ಮಂಜಿನ ಒಂದು ಕಲ್ಪನೆಯ ರಾಜ್ಯ. ಕಾಲ ಯುರೋಪಿನ ಮಧ್ಯಯುಗದ ಹಾಗಿನದು. ಅಲ್ಲೊಂದು ಧರ್ಮಸಭೆ, ಅದಕ್ಕೊಬ್ಬ ಮಹಾಗುರು. 310 ಪುಟಗಳಲ್ಲಿ 14 ಮಹಾಗುರುಗಳು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ, ಹೋಗುತ್ತಾರೆ. ನಿಮ್ಮದೇ ಸಾಲುಗಳು ಇವು: "ಐದನೆಯ ಗುರುವು 12 ವರ್ಷ ಪೀಠದಲ್ಲಿದ್ದನು. ಅವನ ನಂತರ ಆರನೆಯ ಗುರುವು ಪೀಠವನ್ನೇರಿದನು. ಅವನು ಕಠಿಣ ಸ್ವಭಾವದವನಾಗಿದ್ದನು." ಆಮೇಲೆ ಏಳನೆಯವನು, ಎಂಟನೆಯವನು. ಓದುತ್ತಾ ಓದುತ್ತಾ ನನಗೆ ಯಾರು ಯಾರೆಂದು ಮರೆತೇಹೋಯಿತು. ಪುಸ್ತಕದ ಕೊನೆಗೆ ನೀವು ಕೊಟ್ಟ ಪಟ್ಟಿಯನ್ನು ತಿರುಗಿಸಿ ನೋಡಬೇಕಾಯಿತು.

ಈ ಸಾಲುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು "ಅವನ ನಂತರ" ಅನ್ನುವ ಎರಡು ಪದ. ನಿಮ್ಮ ಕಾದಂಬರಿ ಆ ಎರಡು ಪದಗಳ ಒಳಗೆ ಸಿಕ್ಕಿಹಾಕಿಕೊಂಡಿದೆ. ಐದನೆಯವನು ಸತ್ತ ರಾತ್ರಿಗೂ ಆರನೆಯವನು ಕೂತ ಬೆಳಗ್ಗೆಗೂ ನಡುವೆ ಏನಾಯಿತು? ಎಷ್ಟು ದಿನ ಆಯಿತು? ಆ ದಿನಗಳಲ್ಲಿ ಗಂಟೆ ಹೊಡೆಯಲು ಯಾರು ಹೇಳಿದರು? ಭಂಡಾರ ಯಾರ ಕೈಯಲ್ಲಿತ್ತು?

ನಮ್ಮ ಮನೆಯದೇ ಒಂದು ಮಾತು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಒಕ್ಕದ, ಅಂದರೆ ಕೊಡವ ಮನೆತನದ, ಪಟ್ಟೆದಾರರು (ಯಜಮಾನರು) ತೀರಿಕೊಂಡರು. ಮುಂದಿನ ಪಟ್ಟೆದಾರ ಯಾರು ಅನ್ನುವುದರಲ್ಲಿ ಜಗಳವೇ ಇಲ್ಲ, ಒಕ್ಕದ ಗಂಡಸರಲ್ಲಿ ಹಿರಿಯರು ಯಾರೋ ಅವರೇ. ಆದರೆ ಆ ಹಿರಿಯರು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದರು, ಕಾಲು ನೋವು, ಬರಲು ಎರಡು ದಿನ ಬೇಕಿತ್ತು. ಅವತ್ತು ಸಂಜೆ ನಮ್ಮ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ, ದೀಪ ಇಡುವ ನಡುಮನೆಯಲ್ಲಿ, ಎಲ್ಲರೂ ನಿಂತಿದ್ದೆವು. ದೀಪದ ಎಣ್ಣೆ ತೀರುತ್ತಾ ಬಂದಿತ್ತು. ಯಾರು ಎಣ್ಣೆ ಹಾಕಬೇಕು ಅಂತ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ಒಬ್ಬ ಸೊಸೆ ಮುಂದೆ ಬಂದು ಎಣ್ಣೆ ಹಾಕಿದಳು. ಆ ಎರಡು ನಿಮಿಷ ನನಗೆ ಇವತ್ತಿಗೂ ನೆನಪಿದೆ. ಹೊಸ ಪಟ್ಟೆದಾರರು ಬಂದ ದಿನ ಏನಾಯಿತು ಅಂತ ಕೇಳಿದರೆ ಹೇಳಲು ಬರುವುದಿಲ್ಲ.

ನಿಯಮ ಇದ್ದ ಕಡೆಯೇ ಹೀಗೆ. ಇನ್ನು ನಿಯಮ ಗಟ್ಟಿ ಇಲ್ಲದ ಕಡೆ ಹೇಗಿರಬೇಡ? ನಿಜವಾದ ಧರ್ಮಸಭೆಯ ಚರಿತ್ರೆಯಿಂದಲೇ ಒಂದು ಘಟನೆ ತೆಗೆದುಕೊಳ್ಳಿ. 1268ರ ನವೆಂಬರ್‌ನಲ್ಲಿ ಪೋಪ್ ನಾಲ್ಕನೇ ಕ್ಲೆಮೆಂಟ್ ಇಟಲಿಯ ವಿಟೆರ್ಬೊ ಎಂಬ ಊರಿನಲ್ಲಿ ತೀರಿಕೊಂಡರು. ಹೊಸಬರನ್ನು ಆರಿಸುವ ಹಕ್ಕಿದ್ದ ಹಿರಿಯ ಧರ್ಮಗುರುಗಳಾದ ಕಾರ್ಡಿನಲ್‌ಗಳು ಅಲ್ಲೇ ಸೇರಿದರು. ಫ್ರಾನ್ಸ್ ಕಡೆಯವರು ಒಂದು ಗುಂಪು, ಅವರಿಗೆ ಎದುರಾದವರು ಇನ್ನೊಂದು. ತಿಂಗಳು ಕಳೆಯಿತು, ವರ್ಷ ಕಳೆಯಿತು, ತೀರ್ಮಾನವಿಲ್ಲ. ಊರಿನವರಿಗೆ ತಾಳ್ಮೆ ಕೆಟ್ಟಿತು. ಕಾರ್ಡಿನಲ್‌ಗಳನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದರು. ಊಟ ಕಡಿಮೆ ಮಾಡಿದರು. ಅದಕ್ಕೂ ಬಗ್ಗದಿದ್ದಾಗ ಕಟ್ಟಡದ ಚಾವಣಿಯನ್ನೇ ತೆಗೆದರು ಎನ್ನುತ್ತಾರೆ. ಕೆಲವು ಕಾರ್ಡಿನಲ್‌ಗಳು ಆ ಅವಧಿಯಲ್ಲೇ ಸತ್ತರು. 1271ರ ಸೆಪ್ಟೆಂಬರ್‌ನಲ್ಲಿ ಆರು ಜನರ ಒಂದು ಸಣ್ಣ ಸಮಿತಿ ಮಾಡಿ, ಕೊನೆಗೆ ಆರಿಸಿದ್ದು ಯಾರನ್ನು? ಕಾರ್ಡಿನಲ್ ಕೂಡ ಅಲ್ಲದ, ಆಗಿನ್ನೂ ಗುರುದೀಕ್ಷೆಯೂ ಆಗಿರದ, ಕ್ರುಸೇಡ್ ಎಂಬ ಧರ್ಮಯುದ್ಧದ ಜೊತೆ ದೂರದ ಆಕ್ರೆ ಪಟ್ಟಣದಲ್ಲಿದ್ದ ಒಬ್ಬರನ್ನು. ಅವರೇ ಹತ್ತನೇ ಗ್ರೆಗರಿ.

ಕತೆ ಅಲ್ಲಿಗೆ ಮುಗಿಯಲಿಲ್ಲ. ತಾನು ಬಂದ ದಾರಿ ಅವರಿಗೆ ನೆನಪಿತ್ತು. 1274ರಲ್ಲಿ ಲಿಯೋನ್ ಮಹಾಸಭೆಯಲ್ಲಿ ನಿಯಮ ತಂದರು. ಹತ್ತು ದಿನ ಕಾಯುವುದು, ಆಮೇಲೆ ಆರಿಸುವವರನ್ನು ಒಳಗೆ ಕೂಡಿಹಾಕುವುದು. ಮೂರು ದಿನದಲ್ಲಿ ತೀರ್ಮಾನ ಆಗದಿದ್ದರೆ ಊಟಕ್ಕೆ ಒಂದೇ ಬಗೆ. ಇನ್ನೂ ಐದು ದಿನ ಕಳೆದರೆ ಬರೀ ರೊಟ್ಟಿ, ನೀರು, ವೈನ್. ನೋಡಿ, ಊರಿನವರ ಸಿಟ್ಟು ಮೂರೇ ವರ್ಷದಲ್ಲಿ ಕಾನೂನಾಯಿತು. ಇದರಲ್ಲಿ ಖಳನಾಯಕ ಯಾರೂ ಇಲ್ಲ, ಮಂತ್ರ ಇಲ್ಲ, ಖಡ್ಗ ಇಲ್ಲ. ಆದರೂ ಆ ಚಾವಣಿ ಇಲ್ಲದ ಕೋಣೆಯೊಳಗೆ ಮಳೆ ಬಿದ್ದ ರಾತ್ರಿ ಹೇಗಿದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಲ್ಲಿನ ಮಳೆ ನಾನು ಕಂಡಿಲ್ಲ, ನಮ್ಮ ಜುಲೈ ತಿಂಗಳ ಮಳೆಯನ್ನೇ ಅಲ್ಲಿ ಸುರಿಸಿಕೊಳ್ಳುತ್ತೇನೆ. ನೀವು ಪೊನ್ನಂಪೇಟೆಯವರು, ನಿಮಗೆ ಅದನ್ನು ವಿವರಿಸಬೇಕಿಲ್ಲ.

ನಿಮ್ಮ ರಾಜ್ಯದಲ್ಲಿ ಆರಿಸುವವರು ಯಾರು? ಇಷ್ಟು ಪುಟ ಓದಿದ ಮೇಲೂ ನನಗೆ ತಿಳಿಯಲಿಲ್ಲ. ಮೂರನೇ ಅಧ್ಯಾಯದಲ್ಲಿ ರಾಜ ಬಂದು ಹೊಸ ಗುರುವಿನ ಬೆರಳಿಗೆ ಉಂಗುರ ತೊಡಿಸುತ್ತಾನೆ. ಆರನೇ ಅಧ್ಯಾಯದಲ್ಲಿ ಹಿರಿಯ ಸನ್ಯಾಸಿಗಳು ತೊಡಿಸುತ್ತಾರೆ. ಯಾರೂ ಹುಬ್ಬು ಕೂಡ ಏರಿಸುವುದಿಲ್ಲ. ಯುರೋಪಿನಲ್ಲಿ ಇದೇ ಉಂಗುರಕ್ಕೆ, ಬಿಷಪ್ ಹಿಡಿಯುವ ದಂಡಕ್ಕೆ ಎರಡು ತಲೆಮಾರು ಹೊಡೆದಾಡಿದರು. ಬಿಷಪ್‌ಗಳಿಗೆ ಅಧಿಕಾರ ಕೊಡುವುದು ಅರಸನ ಕೆಲಸವಲ್ಲ ಅಂತ ಪೋಪ್ ಏಳನೇ ಗ್ರೆಗರಿ ಪಟ್ಟು ಹಿಡಿದರು. 1077ರ ಜನವರಿಯ ಚಳಿಯಲ್ಲಿ ಜರ್ಮನಿಯ ಅರಸ ನಾಲ್ಕನೇ ಹೆನ್ರಿ ಕನೋಸ್ಸಾ ಕೋಟೆಯ ಬಾಗಿಲಲ್ಲಿ ಮೂರು ದಿನ ಕ್ಷಮೆಗಾಗಿ ಕಾದ. ಜಗಳ ಮುಗಿದಿದ್ದು 1122ರಲ್ಲಿ, ವರ್ಮ್ಸ್ ಒಪ್ಪಂದದಲ್ಲಿ. ಉಂಗುರ, ದಂಡ ಧರ್ಮಸಭೆಯ ಕೈಗೆ ಹೋಯಿತು. ಭೂಮಿಯ ಹಕ್ಕನ್ನು ಅರಸ ರಾಜದಂಡದಿಂದ ಕೊಡುವುದು ಅಂತಾಯಿತು. ನೀವು ಎರಡು ಬೇರೆ ಕೈಗಳಿಂದ ಉಂಗುರ ತೊಡಿಸಿದ್ದು ಮರೆವಿನಿಂದ ಇರಬಹುದು. ಆ ತಪ್ಪನ್ನು ತಿದ್ದಬೇಡಿ. ಅದನ್ನೇ ಕತೆ ಮಾಡಿ.

ಇನ್ನೊಂದು. ನಿಮ್ಮ 11ನೆಯ ಗುರುವಿನ ನಂತರ ಅವನ ಮಗ ಬರುತ್ತಾನೆ. ಹಾಗಾದರೆ ಈ ಗುರುಗಳು ಮದುವೆಯಾಗಬಹುದೇ? ಮೊದಲ ಹತ್ತು ಜನರಿಗೆ ಹೆಂಡತಿ ಮಕ್ಕಳ ಸುದ್ದಿಯೇ ಇಲ್ಲವಲ್ಲ. ಇದು ಸಣ್ಣ ವಿಷಯ ಅಲ್ಲ. ಮದುವೆ ಇದ್ದರೆ ಪೀಠ ಮನೆತನದ ಆಸ್ತಿಯಾಗುತ್ತದೆ, ಇಲ್ಲದಿದ್ದರೆ ಅಣ್ಣ ತಮ್ಮಂದಿರ ಮಕ್ಕಳು, ಅಕ್ಕ ತಂಗಿಯರ ಮಕ್ಕಳು ಸುತ್ತ ಸೇರುತ್ತಾರೆ. ರೋಮಿನಲ್ಲಿ ಆದದ್ದೇ ಅದು. ಪೋಪ್‌ಗಳು ತಮ್ಮ ಸೋದರರ, ಸೋದರಿಯರ ಮಕ್ಕಳನ್ನು ಕಾರ್ಡಿನಲ್ ಮಾಡಿದರು. ಪಕ್ಕದ ತುಳುನಾಡಿನ ಅಳಿಯಸಂತಾನ ಕಂಡವರಿಗೆ ಅಕ್ಕನ ಮಗ ಅಂದರೆ ಏನು ತೂಕ ಅಂತ ಬಿಡಿಸಿ ಹೇಳಬೇಕಿಲ್ಲ.

1378ರಲ್ಲಿ ಒಬ್ಬ ಪೋಪನನ್ನು ಆರಿಸಿದವರೇ ಕೆಲವು ತಿಂಗಳಿಗೆ "ನಾವು ಆರಿಸಿದ್ದು ಹೆದರಿಕೆಯಿಂದ" ಎಂದು ಇನ್ನೊಬ್ಬ ಪೋಪನನ್ನು ಆರಿಸಿದರು. ಸರಿಹೋಗಲು 1417 ಬರಬೇಕಾಯಿತು, ನಡುವೆ ಒಮ್ಮೆಗೇ ಮೂವರು ಪೋಪ್‌ಗಳಿದ್ದರು. ಇದನ್ನು ನೀವೇ ಓದಿಕೊಳ್ಳಿ.

ಹತ್ತಿರದಲ್ಲೇ ನೋಡಲು ಬೇಕಾದಷ್ಟಿದೆ. ಕುಶಾಲನಗರದಿಂದ ಹೊಳೆ ದಾಟಿದರೆ ಬೈಲಕುಪ್ಪೆ. ಅಲ್ಲಿನ ಟಿಬೆಟಿಯನ್ನರ ಪದ್ಧತಿಯಲ್ಲಿ ದೊಡ್ಡ ಲಾಮಾ ತೀರಿಕೊಂಡರೆ ಅವರು ಮತ್ತೆ ಹುಟ್ಟಿದ ಮಗುವನ್ನು ಹುಡುಕುತ್ತಾರೆ. ಮಗು ಸಿಕ್ಕರೂ ದೊಡ್ಡದಾಗಬೇಕಲ್ಲ? ಅಲ್ಲಿಯವರೆಗೆ ಬೇರೆಯವರು ನೋಡಿಕೊಳ್ಳಬೇಕು. ಐದನೆಯ ದಲೈ ಲಾಮಾ 1682ರಲ್ಲಿ ತೀರಿಕೊಂಡಾಗ ಅವರ ಆಡಳಿತಗಾರ ಆ ಸಾವನ್ನು ಸುಮಾರು 15 ವರ್ಷ ಮುಚ್ಚಿಟ್ಟ. ಗುರು ಧ್ಯಾನದಲ್ಲಿದ್ದಾರೆ ಅಂದ. ಮಡಿಕೇರಿಯ ಗದ್ದಿಗೆಗೂ, ಕೊಡಗಿನ ಅರಸರ ಸಮಾಧಿಗಳಿರುವ ಜಾಗಕ್ಕೆ, ಒಂದು ಸಲ ಹೋಗಿಬನ್ನಿ. ಅಲ್ಲಿ ಅಣ್ಣನ ಗುಮ್ಮಟ, ತಮ್ಮನ ಗುಮ್ಮಟ ಹತ್ತಿರ ಹತ್ತಿರ ಇವೆ. ಅಣ್ಣ, ಅರಸ ದೊಡ್ಡವೀರರಾಜೇಂದ್ರನಿಗೆ ಗಂಡು ಮಕ್ಕಳಿರಲಿಲ್ಲ. 1809ರಲ್ಲಿ ಅವನು ತೀರಿಕೊಂಡಾಗ ಮಗಳು ದೇವಮ್ಮಾಜಿ ರಾಣಿಯಾದಳು, ಇನ್ನೂ ಚಿಕ್ಕ ಹುಡುಗಿ. ನೋಡಿಕೊಳ್ಳಲು ನಿಂತ ಚಿಕ್ಕಪ್ಪ ಲಿಂಗರಾಜ 1811ಕ್ಕೆ ತಾನೇ ಅರಸನಾದ. ಅರಮನೆಯ ಕತೆ, ಇಗರ್ಜಿಯ (ಚರ್ಚಿನ) ಕತೆ ಬೇರೆ ಬೇರೆ, ನಿಜ. ಆದರೆ "ನಾನು ಸುಮ್ನೆ ನೋಡಿಕೊಳ್ಳುತ್ತಿದ್ದೇನೆ ಅಷ್ಟೇ" ಅನ್ನುವವನ ಮುಖ ಎರಡು ಕಡೆಯೂ ಒಂದೇ. ನಿಮ್ಮ ರಾಜ್ಯದಲ್ಲಿ ಆ ಮುಖ ಎಲ್ಲೂ ಕಾಣಲಿಲ್ಲ.

ಈಗ ಭಾಷೆಯ ಮಾತು, ಇದು ನೋವಾಗಬಹುದು. ನಿಮ್ಮ ಪಾತ್ರಗಳ "ಕಣ್ಣುಗಳು ಕಿರಿದಾಗುತ್ತವೆ", "ಅವನು ಒಂದು ಉಸಿರನ್ನು ತೆಗೆದುಕೊಂಡನು", "ಮೌನವು ಕೋಣೆಯನ್ನು ತುಂಬಿತು". ನೀವು ಇಂಗ್ಲಿಷಿನಲ್ಲಿ ಓದಿ ಇಷ್ಟಪಟ್ಟ ಪುಸ್ತಕಗಳು ಇಲ್ಲಿ ಮಾತಾಡುತ್ತಿವೆ. ಸಿಟ್ಟು ಬಂದವನು ನಿಮ್ಮ ಊರಿನಲ್ಲಿ ಏನು ಮಾಡುತ್ತಾನೆ? ಅದನ್ನು ಬರೆಯಿರಿ. ಹೆಸರುಗಳೂ ಅಷ್ಟೇ, ಪ್ರತಿಯೊಂದರಲ್ಲೂ ಝ, ಥ್ರ, ಕ್ಸ ಇರಬೇಕಿಲ್ಲ. ಎರಡು ಹೆಸರುಗಳನ್ನು ನನಗೆ ಬಾಯಿಬಿಟ್ಟು ಹೇಳಲೂ ಆಗಲಿಲ್ಲ. ಒಂದೇ ವ್ಯಕ್ತಿಯನ್ನು ಒಂದು ಪುಟದಲ್ಲಿ ಪೀಠಾಧಿಪತಿ, ಇನ್ನೊಂದರಲ್ಲಿ ಆರ್ಚ್‌ಬಿಷಪ್, ಮತ್ತೊಂದರಲ್ಲಿ ಮಠಾಧೀಶ ಅಂದಿದ್ದೀರಿ. ನಮ್ಮ ಕ್ರೈಸ್ತರ ಕನ್ನಡದಲ್ಲಿ ಎಷ್ಟು ಒಳ್ಳೆಯ ಪದಗಳಿವೆ! ಧರ್ಮಾಧ್ಯಕ್ಷರು, ಗುರುದೀಕ್ಷೆ, ಬಲಿಪೂಜೆ, ಧರ್ಮಕೇಂದ್ರ. ದೊಡ್ಡವೀರರಾಜೇಂದ್ರ ಜಾಗ ಕೊಟ್ಟು 1792ರಲ್ಲಿ ಶುರುವಾದ ವಿರಾಜಪೇಟೆಯ ಸಂತ ಅನ್ನಮ್ಮನ ಇಗರ್ಜಿ ನಿಮ್ಮ ಮನೆಯಿಂದ ಒಂದು ಬಸ್ಸಿನ ದೂರ. ಒಂದು ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಿ. ಅದೇ ಪದಗಳನ್ನು ಇಡಬೇಕು ಅಂತಿಲ್ಲ, ನಿಮ್ಮದು ಬೇರೆ ಲೋಕ. ಆದರೆ ಪ್ರಾರ್ಥನೆಯಲ್ಲಿ ನುರಿತ ಪದ ಕಿವಿಗೆ ಹೇಗೆ ಬೀಳುತ್ತದೆ ಅಂತ ತಿಳಿಯುತ್ತದೆ.

ಕೊನೆಗೆ ಇಟ್ಟುಕೊಂಡದ್ದು 187ನೇ ಪುಟ. ಒಂಬತ್ತನೆಯ ಗುರು ರಾತ್ರಿ ಸಾಯುತ್ತಾನೆ. ಕಾಲು ತೊಳೆಯುವ ಮುದುಕ ಆಳು ಅವನ ಚಪ್ಪಲಿ ತೆಗೆಯುತ್ತಾನೆ, ಅಟ್ಟೆಯಲ್ಲಿ ತೂತು. ಸೊಂಟದಿಂದ ಭಂಡಾರದ ಬೀಗದ ಕೈ ಬಿಚ್ಚುತ್ತಾನೆ, ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬಿಯ ತಳಕ್ಕೆ ಹಾಕುತ್ತಾನೆ. ಬೆಳಗ್ಗೆ ಎಂದಿನಂತೆ ಗುರುವಿಗೆ ಗಂಜಿ ಕಾಯಿಸುತ್ತಾನೆ. ಆರು ಸಾಲು, ಅಷ್ಟೇ. ಒಂದು ಅನುವಾದದ ವಾಕ್ಯವೂ ಇಲ್ಲ. ಓದಿ ನಾನು ಹಾಳೆ ಕೆಳಗಿಟ್ಟೆ. ಮರುಪುಟ ತಿರುಗಿಸಿದರೆ "ಅವನ ನಂತರ ಹತ್ತನೆಯ ಗುರುವು ಪೀಠವನ್ನೇರಿದನು." ನನಗೆ ನಿಜವಾಗಿ ದುಃಖವಾಯಿತು.

ಉಳಿದ 13 ಗುರುಗಳನ್ನು ಬಿಟ್ಟುಬಿಡಿ. ಅವರ ಪಟ್ಟಿ ನಿಮ್ಮ ಹತ್ತಿರವೇ ಇರಲಿ, ಗೋಡೆಗೆ ಅಂಟಿಸಿಕೊಳ್ಳಿ, ಪುಸ್ತಕಕ್ಕೆ ಬೇಡ. ಆ ಮುದುಕ ಬೀಗದ ಕೈ ಮುಚ್ಚಿಟ್ಟ ರಾತ್ರಿಯಿಂದ ಹತ್ತನೆಯವನು ಬರುವವರೆಗೆ ಬರೆಯಿರಿ. ಒಂಬತ್ತು ದಿನವೋ ಒಂಬತ್ತು ತಿಂಗಳೋ ನೀವೇ ತೀರ್ಮಾನ ಮಾಡಿ. ಮೊದಲ 40 ಪುಟ ಸಾಕು, ಪುತ್ತರಿ ಹಬ್ಬದೊಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ. ಕೈಬರಹವಾದರೂ ಪರವಾಗಿಲ್ಲ, ಹಾಳೆಯ ಒಂದೇ ಬದಿಗೆ ಬರೆಯಿರಿ.

ಒಂದು ಪ್ರಶ್ನೆ ಮಾತ್ರ ಈಗಲೇ ಕೇಳಿಬಿಡುತ್ತೇನೆ. ಆವತ್ತು ಬೆಳಗ್ಗೆ ಗಂಜಿಯ ಬಟ್ಟಲನ್ನು ಗುರುವಿನ ಕೋಣೆಗೆ ತೆಗೆದುಕೊಂಡು ಹೋದ ಹುಡುಗ ಒಬ್ಬ ಇದ್ದನಲ್ಲ, ಬಟ್ಟಲು ಖಾಲಿಯಾಗಿ ವಾಪಸ್ ಬಂತು ಅಂತ ಬರೆದಿದ್ದೀರಿ. ಆ ಗಂಜಿ ಕುಡಿದದ್ದು ಯಾರು?